ಉಷ್ಟ್ರ, ಕ್ರಮೇಲಕ, ಒಂಟೆ: ತುಂಗಭದ್ರೆಯ ದಡದಲ್ಲಿ ಹೆಜ್ಜೆ ಉಳಿಸದ ಪ್ರಾಣಿ

ದಾವಣಗೆರೆ ಎಂಬ ಹೆಸರಿನ ನಿಷ್ಪತ್ತಿಯನ್ನು ಕುರಿತು ಆ ಊರಿನಲ್ಲಿ ಒಂದಕ್ಕಿಂತ ಹೆಚ್ಚು ಮಾತುಗಳು ಪ್ರಚಲಿತವಾಗಿವೆ. ಅವುಗಳಲ್ಲಿ ಜನಪ್ರಿಯವಾದುದು 'ದಾವಣಿಯ ಕೆರೆ' ಎಂಬುದು. ದಾವಣಿ ಎಂದರೆ ದನಕರುಗಳನ್ನೋ ಕುದುರೆಗಳನ್ನೋ ಸಾಲಾಗಿ ಕಟ್ಟುವ ಉದ್ದನೆಯ ಹಗ್ಗ. ಚಾಲುಕ್ಯರ ಸೈನ್ಯದ ಪ್ರಾಣಿಗಳು ಈ ಕೆರೆಯ ದಂಡೆಯಲ್ಲಿ ದಾವಣಿಯಲ್ಲಿ ನಿಂತು ದಣಿವಾರಿಸಿಕೊಳ್ಳುತ್ತಿದ್ದವು ಎಂದು ಐತಿಹ್ಯ ಹೇಳುತ್ತದೆ. ಐತಿಹ್ಯವನ್ನು ಶಾಸನದಂತೆ ಓದಲಾಗದು. ಆದರೂ ಊರಿನ ಮಗ್ಗುಲಲ್ಲೇ ಇರುವ ಆನೆಕೊಂಡ ತನ್ನ ಹೆಸರಿನಲ್ಲಿ ಆನೆಯನ್ನು ಇಟ್ಟುಕೊಂಡಿದೆ. ಕನ್ನಡ ನಾಡಿನ ಉದ್ದಗಲಕ್ಕೂ ಆನೆ, ಕುದುರೆ, ಎತ್ತು, ಎಮ್ಮೆ, ಹುಲಿಗಳ ಹೆಸರು ಹೊತ್ತ ಗ್ರಾಮಗಳು ಹೇರಳವಾಗಿವೆ. ಸೈನ್ಯದಲ್ಲಿ ಇವುಗಳ ಜೊತೆಗೇ ನಡೆದ ಇನ್ನೊಂದು ಪ್ರಾಣಿ ಮಾತ್ರ ಸ್ಥಳನಾಮಗಳಲ್ಲಿ ಕಾಣಿಸಿಕೊಳ್ಳುವುದು ಅತಿ ವಿರಳ. ಅದು ಒಂಟೆ.

ಮೈಸೂರಿನ ಒಂಟಿಕೊಪ್ಪಲು ಇದಕ್ಕೆ ಅಪವಾದವಾಗಬಹುದು. ಅರಮನೆಯ ಒಂಟೆಗಳನ್ನು ಅಲ್ಲಿ ಇರಿಸುತ್ತಿದ್ದುದರಿಂದ ಅದು ಒಂಟೆಕೊಪ್ಪಲು ಎನಿಸಿತ್ತು, ಬಳಕೆಯಲ್ಲಿ ಒಂಟಿಕೊಪ್ಪಲಾಯಿತು ಎಂದು ಹೇಳುವವರಿದ್ದಾರೆ. ಊರಿನಿಂದ ದೂರವಾಗಿ ಒಂಟಿಯಾಗಿದ್ದ ಕೊಪ್ಪಲು ಎಂದೂ ಬಿಡಿಸಬಹುದು. ಯಾವುದೇ ಸರಿಯಾಗಿರಲಿ, ಒಂದು ಪ್ರಾಣಿಯ ನೆನಪು ಜನರ ನಾಲಿಗೆಯಲ್ಲಿ ಎಷ್ಟು ಬೇಗ ಬೇರೆ ಅರ್ಥಕ್ಕೆ ಜಾರಿಬಿಡಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಹಾಗಾದರೆ ಒಂಟೆ ಈ ನೆಲಕ್ಕೆ ಬರಲೇ ಇಲ್ಲವೆ? ಬಂದಿತ್ತು ಎಂಬುದಕ್ಕೆ ಆಧಾರಗಳು ಕಲ್ಲಿನಲ್ಲೂ ಕಾಗದದಲ್ಲೂ ಇವೆ. ಅದಕ್ಕೂ ಮೊದಲು ಪದ ಬಂದಿತ್ತು. ಪದದ ಚರಿತ್ರೆಯಿಂದಲೇ ಆರಂಭಿಸುವುದು ಉಚಿತ.

ಸಂಸ್ಕೃತದ 'ಉಷ್ಟ್ರ' ಬಹಳ ಹಳೆಯ ಶಬ್ದ. ಇರಾನೀ ಭಾಷೆಗಳಲ್ಲಿಯೂ ಇದರ ಜ್ಞಾತಿರೂಪವಿದೆ. ಜರತುಷ್ಟ್ರ ಎಂಬ ಪ್ರವಾದಿಯ ಹೆಸರಿನ ಉತ್ತರಾರ್ಧದಲ್ಲಿರುವುದು ಒಂಟೆಯೇ. ಋಗ್ವೇದದ ಕಾಲದಲ್ಲಿ ಈ ಶಬ್ದ ಕೋಣವನ್ನೋ ಡುಬ್ಬವುಳ್ಳ ಗೂಳಿಯನ್ನೋ ಸೂಚಿಸುತ್ತಿತ್ತು, ಒಂಟೆಯ ಪರಿಚಯವಾದ ಮೇಲೆ ಅದಕ್ಕೇ ರೂಢವಾಯಿತು ಎಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಪ್ರಾಕೃತದಲ್ಲಿ ಅದು 'ಉಟ್ಟ' ಎಂದಾಯಿತು. ತಮಿಳು ಮಲಯಾಳಗಳ 'ಒಟ್ಟಗ' ರೂಪ ಈ ಪ್ರಾಕೃತಕ್ಕೆ ಹತ್ತಿರವಾಗಿದೆ. ಕನ್ನಡ ತೆಲುಗುಗಳ 'ಒಂಟೆ'ಯಲ್ಲಿ ನಡುವೆ ಅನುನಾಸಿಕ ಸೇರಿದೆ. ಹಿಂದಿಯ 'ಊಂಟ್'ನಲ್ಲಿಯೂ ಅದೇ ಅನುನಾಸಿಕವಿದೆ. ತಮಿಳಿಗೆ ಈ ಶಬ್ದ ಬಂದುದು ಬಹು ಹಿಂದೆ. ತೊಲ್ಕಾಪ್ಪಿಯಂ ಅದನ್ನು ಬಲ್ಲದು. ಸಂಗಂ ಕಾಲದ ಸಿರುಪಾಣಾಟ್ರುಪ್ಪಡೈಯಲ್ಲಿ ಕಡಲತಡಿಗೆ ಬಂದು ಬಿದ್ದ ಅಗರು ಮರದ ದಿಮ್ಮಿಗೆ ಮಲಗಿದ ಒಂಟೆ ಉಪಮಾನವಾಗಿ ಬಂದಿದೆ. ಮಲಗಿದ ಒಂಟೆಯನ್ನು ಕಂಡವರಿಗಲ್ಲದೆ ಈ ಹೋಲಿಕೆ ಹೊಳೆಯಲಾರದು. ತೆಲುಗಿನಲ್ಲಿ ಒಂಟೆಗೆ 'ಲೊಟ್ಟಿಪಿಟ' ಎಂಬ ಇನ್ನೊಂದು ಹೆಸರೂ ಇದೆ. ಆ ಪ್ರಾಣಿಯ ಮೈಕಟ್ಟನ್ನೂ ನಡಿಗೆಯನ್ನೂ ಕಂಡು ನಕ್ಕವರು ಕಟ್ಟಿದ ಶಬ್ದದಂತೆ ಅದು ಕಿವಿಗೆ ಕೇಳುತ್ತದೆ.

ಅಮರಕೋಶ ಒಂಟೆಗೆ ಕೊಡುವ ಪರ್ಯಾಯಗಳಲ್ಲಿ 'ಕ್ರಮೇಲಕ' ಗಮನಾರ್ಹ. ಇದು ಗ್ರೀಕರ 'ಕಾಮೆಲೋಸ್' ಎಂಬುದರ ಸಂಸ್ಕೃತ ವೇಷ. ಗ್ರೀಕರಾದರೋ ಅದನ್ನು ಸೆಮಿಟಿಕ್ ಭಾಷೆಗಳ 'ಗಮಲ್', 'ಜಮಲ್'ಗಳ ಮೂಲದಿಂದ ಪಡೆದರು. ಹೊರಗಿನಿಂದ ಬಂದ ಶಬ್ದಕ್ಕೆ ನಮ್ಮ ಪಂಡಿತರು 'ಕ್ರಮ' ಎಂಬ ನಡಿಗೆಯ ಧಾತುವಿನ ಛಾಯೆ ಕೊಟ್ಟು ಒಳಗೆ ಕರೆದುಕೊಂಡರು. ಒಂಟೆಯ ಮರಿಗೆ ಅದೇ ಕೋಶ 'ಕರಭ' ಎನ್ನುತ್ತದೆ. ಇಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಸ್ಥಳವಿದೆ. ಕಾವ್ಯಗಳಲ್ಲಿ ನಾಯಿಕೆಯನ್ನು 'ಕರಭೋರು' ಎಂದು ಕರೆದಾಗ ಅಲ್ಲಿ ಒಂಟೆಮರಿಯನ್ನು ತರಬಾರದು. ಮಣಿಕಟ್ಟಿನಿಂದ ಕಿರುಬೆರಳಿನವರೆಗಿನ ಅಂಗೈಯ ಅಂಚಿಗೂ ಕರಭವೆಂದೇ ಹೆಸರು. ಮೇಲಿನಿಂದ ಕೆಳಗೆ ಸಪುರವಾಗುತ್ತ ಬರುವ ಆ ಆಕಾರವೇ ಅಲ್ಲಿನ ಉಪಮಾನ.

ಶಬ್ದದ ಪಯಣ ಇಲ್ಲಿಗೆ ನಿಲ್ಲಲಿಲ್ಲ. ಉಷ್ಟ್ರದ ಪಾರಸಿ ಸೋದರ 'ಶುತುರ್'. ಒಂಟೆಯೇರಿ ಓಲೆ ಒಯ್ಯುವ ದೂತ ಶುತುರ್ ಸವಾರನಾದ, ಒಂಟೆಯ ಬೆನ್ನಿಗೇರಿಸಿದ ಸಣ್ಣ ತೋಪು ಶುತುರ್‌ನಾಲ್ ಆಯಿತು. ಕತ್ತು ನೀಳವಾದ ಆಫ್ರಿಕದ ಹಕ್ಕಿಯನ್ನು ಪಾರಸಿಗರು 'ಶುತುರ್ ಮುರ್ಗ್', ಎಂದರೆ ಒಂಟೆಹಕ್ಕಿ ಎಂದು ಕರೆದರು. ಗ್ರೀಕರಲ್ಲೂ ಅಂಥದೇ ಹೆಸರಿತ್ತು. ನಮ್ಮ ಪಠ್ಯಪುಸ್ತಕಗಳ 'ಉಷ್ಟ್ರಪಕ್ಷಿ' ಅದೇ ಸಮಾಸದ ಪಡಿಯಚ್ಚು. ಒಂಟೆಯನ್ನು ಅಪರೂಪಕ್ಕೆ ಕಾಣುವ ನಾಡಿನ ಮಕ್ಕಳು ಎಂದೂ ಕಾಣದ ಹಕ್ಕಿಯನ್ನು ಒಂಟೆಯ ಮೂಲಕ ಗುರುತಿಸುವುದು ಒಂದು ವಿಚಿತ್ರ.

ಕಾವ್ಯದಲ್ಲಿ ಒಂಟೆಗೆ ಗೌರವದ ಸ್ಥಾನ ಸಿಕ್ಕಿಲ್ಲ. ಕನ್ನಡ ನೆಲಕ್ಕೆ ಸಂಬಂಧಿಸಿದಂತೆ ಮುಖ್ಯವಾದ ಉದಾಹರಣೆ ಬಿಲ್ಹಣನದು. ಕಾಶ್ಮೀರದಿಂದ ಹೊರಟು ಉತ್ತರಾಪಥದ ಹಲವು ಆಸ್ಥಾನಗಳನ್ನು ನೋಡಿ, ಕೊನೆಗೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯ ಪಡೆದ ಈ ಕವಿ 'ವಿಕ್ರಮಾಂಕದೇವಚರಿತ'ದ ಮೊದಲ ಸರ್ಗದಲ್ಲಿ ದುರ್ಜನ ವಿಮರ್ಶಕನನ್ನು ಒಂಟೆಗೆ ಹೋಲಿಸುತ್ತಾನೆ. ಕಿವಿಗೆ ಅಮೃತವಾಗುವ ಸೂಕ್ತಿಯ ರಸವನ್ನು ಬಿಟ್ಟು ದೋಷಗಳನ್ನೇ ಹುಡುಕುವವನು, ವಿಹಾರವನವನ್ನು ಹೊಕ್ಕರೂ ಮುಳ್ಳುಕಂಟಿಯನ್ನೇ ಅರಸುವ ಕ್ರಮೇಲಕದಂತೆ ಎಂಬುದು ಅದರ ತಾತ್ಪರ್ಯ. ಪದ್ಯದ ಚಮತ್ಕಾರ ಒಪ್ಪತಕ್ಕದ್ದೇ. ಆದರೆ ಒಂಟೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಬೇರೆ ಪ್ರಾಣಿಗಳು ಮುಟ್ಟದ ಜಾಲಿಯ ಮುಳ್ಳುಕೊಂಬೆಯನ್ನು ತನ್ನ ದಪ್ಪ ತುಟಿ ಮತ್ತು ಗಡುಸಾದ ಬಾಯೊಳಪದರದಿಂದ ಜಗಿದು ಜೀವ ಹಿಡಿಯುವುದು ಅದರ ಸಾಮರ್ಥ್ಯ. ಅದನ್ನು ಅಭಿರುಚಿಯ ಕೊರತೆಯೆಂದು ಓದಿದವನು ಉದ್ಯಾನದಲ್ಲಿ ಕುಳಿತ ಕವಿ. ಸಂಸ್ಕೃತದ ಲೌಕಿಕ ನ್ಯಾಯಗಳೂ ಇದೇ ದಾರಿಯವು. ಉಷ್ಟ್ರಕಂಟಕಭಕ್ಷಣ ನ್ಯಾಯದಲ್ಲಿ ಅದು ಅಲ್ಪಸುಖಕ್ಕಾಗಿ ನೋವನ್ನು ಸಹಿಸುವ ಮೂಢ. ಉಷ್ಟ್ರಲಗುಡ ನ್ಯಾಯದಲ್ಲಿ ತಾನು ಹೊತ್ತ ದೊಣ್ಣೆಯಿಂದಲೇ ಪೆಟ್ಟು ತಿನ್ನುವ ಪಶು. ಒಂಟೆಯ ಮದುವೆಗೆ ಕತ್ತೆ ಹಾಡುಗಾರನಾಗಿ ಬಂದು ಪರಸ್ಪರ ಹೊಗಳಿಕೊಂಡ ಸುಭಾಷಿತವಂತೂ ಎಲ್ಲರಿಗೂ ಬಾಯಿಪಾಠ.

ಒಂಟೆಗೆ ಕರುಣೆ ದೊರೆತ ಒಂದು ಕಥೆಯಿದೆ. ಜೈನಮುನಿ ಪೂರ್ಣಭದ್ರ ಕ್ರಿ.ಶ. 1199ರಲ್ಲಿ ಸಿದ್ಧಪಡಿಸಿದ ಪಂಚತಂತ್ರದ ಪಾಠದಲ್ಲಿ, ಬಟ್ಟೆಯ ಹೇರು ಹೊತ್ತ ವರ್ತಕನ ಸಾರ್ಥದಿಂದ ಕುಸಿದು ಹಿಂದುಳಿದ ಒಂಟೆಯೊಂದು ಕಾಡಿನಲ್ಲಿ ಸಿಂಹದ ಅಭಯ ಪಡೆಯುತ್ತದೆ. ಸಿಂಹ ಗಾಯಗೊಂಡು ಬೇಟೆ ತಪ್ಪಿದಾಗ ಕಾಗೆ, ನರಿ, ಚಿರತೆಗಳು ಒಂದೊಂದಾಗಿ 'ನನ್ನನ್ನು ತಿನ್ನಿ' ಎಂದು ನಾಟಕವಾಡುತ್ತವೆ. ಶಿಷ್ಟಾಚಾರವೆಂದು ನಂಬಿ ಒಂಟೆಯೂ ಅದೇ ಮಾತನ್ನಾಡುತ್ತದೆ. ಅದರ ಮಾತನ್ನು ಮಾತ್ರ ಅವು ನಿಜವೆಂದು ಸ್ವೀಕರಿಸುತ್ತವೆ. ಮಾಂಸಾಹಾರಿಗಳ ಸಭೆಯಲ್ಲಿದ್ದ ಏಕಮಾತ್ರ ಸಸ್ಯಾಹಾರಿಯ ಗತಿಯಿದು.

ಈ ಪ್ರಾಣಿಯ ಕುಲದ ಮೂಲ ಮರುಭೂಮಿಯಲ್ಲಿಲ್ಲ. ಒಂಟೆಯ ವಂಶ ಹುಟ್ಟಿದ್ದು ಉತ್ತರ ಅಮೆರಿಕದಲ್ಲಿ, ನಾಲ್ಕು ಕೋಟಿ ವರ್ಷಗಳಿಗೂ ಹಿಂದೆ. ಒಂದು ಕವಲು ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಬೇರಿಂಗ್ ಭೂಸೇತುವೆಯ ಮೂಲಕ ಏಷ್ಯಕ್ಕೆ ದಾಟಿತು. ಇನ್ನೊಂದು ಕವಲು ಪನಾಮಾ ಭೂಸಂಧಿಯ ಮೂಲಕ ದಕ್ಷಿಣ ಅಮೆರಿಕಕ್ಕೆ ಇಳಿಯಿತು. ಹುಟ್ಟಿದ ಖಂಡದಲ್ಲಿ ಮಾತ್ರ ಅದು ಹಿಮಯುಗದ ಕೊನೆಗೆ ನಿರ್ನಾಮವಾಯಿತು. ಭಾರತದ ಮಟ್ಟಿಗೆ ಸ್ವಾರಸ್ಯವೆಂದರೆ, ಶಿವಾಲಿಕ್ ಬೆಟ್ಟಗಳ ಪದರಗಳಲ್ಲಿ ದೊರೆತ ಅಳಿದ ಒಂಟೆಯ ಪಳೆಯುಳಿಕೆಯನ್ನು ಫಾಲ್ಕನರ್ ಮತ್ತು ಕಾಟ್ಲಿ ಎಂಬವರು 1836ರಲ್ಲೇ ವರ್ಣಿಸಿದ್ದರು. ಆದರೆ ಇಂದಿನ ರಾಜಸ್ಥಾನದ ಒಂಟೆ ಅದರ ಸಂತತಿಯಲ್ಲ, ಪಶ್ಚಿಮದಿಂದ ಬಂದುದು.

ಇಂದು ಬದುಕಿರುವ ಸದಸ್ಯರು ಏಳು. ಒಂದು ಡುಬ್ಬದ ಅರಬ್ಬೀ ಒಂಟೆ ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಆಗ್ನೇಯ ಅರೇಬಿಯದಲ್ಲಿ ಪಳಗಿತು. ಅದರ ಕಾಡುಮೂಲ ಅಳಿದುಹೋಗಿದೆ. ಎರಡು ಡುಬ್ಬದ ಸಾಕುಒಂಟೆ ಮಧ್ಯ ಏಷ್ಯದ್ದು. ಭಾರತದಲ್ಲಿ ಲಡಾಖಿನ ನುಬ್ರಾ ಕಣಿವೆಯಲ್ಲಿ ಮಾತ್ರ ಕಾಣಸಿಗುತ್ತದೆ. ಗೋಬಿ ಮತ್ತು ಲೋಪ್ ನೂರ್ ಪ್ರದೇಶದ ಕಾಡೊಂಟೆ ಇದೇ ಜಾತಿಯೆಂದು ಬಹುಕಾಲ ತಿಳಿಯಲಾಗಿತ್ತು. ಅದು ಲಕ್ಷಾಂತರ ವರ್ಷಗಳ ಹಿಂದೆಯೇ ಬೇರೆಯಾದ ಪ್ರತ್ಯೇಕ ಜಾತಿಯೆಂದು ವಂಶವಾಹಿಗಳ ಅಧ್ಯಯನ ತೋರಿಸಿದೆ. ಉಳಿದಿರುವವು ಸುಮಾರು ಒಂದು ಸಾವಿರ. ದಕ್ಷಿಣ ಅಮೆರಿಕದ ಗ್ವಾನಾಕೊ ಮತ್ತು ವಿಕುನ್ಯಾ ಕಾಡುಪ್ರಾಣಿಗಳು. ಮೊದಲನೆಯದರಿಂದ ಹೇರು ಹೊರುವ ಲಾಮಾ, ಎರಡನೆಯದರಿಂದ ಉಣ್ಣೆಯ ಆಲ್ಪಾಕಾ ಪಳಗಿದವು. ಇಂಕಾ ಅರಸರಲ್ಲಿ ವಿಕುನ್ಯಾದ ಉಣ್ಣೆ ರಾಜಮನೆತನಕ್ಕೆ ಮೀಸಲು. ದಾವಣಗೆರೆಯ ಕಂಬಳಿಯ ಕೀರ್ತಿ ಬಲ್ಲವರಿಗೆ ಈ ಸಂಗತಿ ಆಪ್ತವಾದೀತು. ಇಲ್ಲಿ ನೀರು ನಿಲ್ಲುವಷ್ಟು ದಟ್ಟವಾಗಿ ನೇಯ್ದ, ಇನ್ನೂರು ಮುನ್ನೂರು ರೂಪಾಯಿ ಬೆಲೆಯ ಅಪರೂಪದ ಕಂಬಳಿಗಳು ಹಿಂದೆ ಸಿದ್ಧವಾಗುತ್ತಿದ್ದವೆಂದು ಬ್ರಿಟಿಷ್ ಕಾಲದ ಗ್ಯಾಸೆಟಿಯರು ದಾಖಲಿಸಿದೆ. ಆ ಕಾಲದ ಇನ್ನೂರು ರೂಪಾಯಿ! ಅಲ್ಲಿ ಒಂಟೆಯ ಬಳಗ ಮಾಡಿದ್ದನ್ನು ಇಲ್ಲಿ ಕುರುಬರ ಕುರಿ ಮಾಡಿತು.

ಇನ್ನು ತುಂಗಭದ್ರೆಯ ದಡಕ್ಕೆ ಬರಬಹುದು. ಹಂಪೆಯ ಮಹಾನವಮಿ ದಿಬ್ಬದ ಶಿಲ್ಪಪಟ್ಟಿಕೆಗಳಲ್ಲಿ ಆನೆ, ಕುದುರೆಗಳ ಸಾಲಿನೊಡನೆ ಒಂಟೆಗಳೂ ಇವೆ. ಅದೇ ಹೊಳೆಯ ಮೇಲ್ದಡದಲ್ಲಿ, ಹೊಯ್ಸಳ ದಂಡನಾಯಕ ಪೋಲಾಳ್ವ ಕ್ರಿ.ಶ. 1224ರ ಸುಮಾರಿಗೆ ಕಟ್ಟಿಸಿದ, ಸೋಮನಾಥಪುರದ ನಿರ್ಮಾತೃ ಸೋಮ ದಂಡನಾಯಕ 1268ರಲ್ಲಿ ಬೆಳೆಸಿದ ಹರಿಹರೇಶ್ವರ ದೇವಾಲಯವಿದೆ. ಹರಿಹರ ಭಕ್ತಿಯ ಕ್ಷೇತ್ರವಾಗಿರುವಂತೆಯೇ ಸೈನ್ಯಗಳು ಹೊಳೆ ದಾಟುವ ಆಯಕಟ್ಟಿನ ಸ್ಥಳವೂ ಆಗಿತ್ತು. 1763ರಲ್ಲಿ ಹೈದರಾಲಿ ಅದನ್ನು ವಶಪಡಿಸಿಕೊಂಡ. ಆಮೇಲೆ ಮರಾಠರು ಮತ್ತೆ ಮತ್ತೆ ಹಿಡಿದರು. ದಾವಣಗೆರೆಯನ್ನು ಹೈದರನು ಆಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ ಅಲ್ಲಿ ವರ್ತಕರು ನೆಲೆಸಿ ಪೇಟೆ ಬೆಳೆಯಿತು.

ಒಂಟೆಯ ಲಿಖಿತ ದಾಖಲೆ ಈ ಸೀಮೆಗೆ ಅತ್ಯಂತ ಹತ್ತಿರ ಬರುವುದು ಧೋಂಡಿಯಾ ವಾಘನ ಪ್ರಕರಣದಲ್ಲಿ. ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ ಹುಟ್ಟಿದ ಈ ಮರಾಠಾ ವೀರ ಹೈದರನ ಸೇವೆಯಲ್ಲಿದ್ದು, ಟಿಪ್ಪುವಿನ ಸೆರೆಯಲ್ಲಿ ವರ್ಷಗಳನ್ನು ಕಳೆದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದ. ಅಳಿದ ರಾಜ್ಯದ ಸಿಪಾಯಿಗಳನ್ನು ಕೂಡಿಸಿಕೊಂಡು ಬಿದನೂರು ಸೀಮೆಯಲ್ಲಿ ಮೆರೆದ. ಉಭಯಲೋಕಾಧೀಶ್ವರನೆಂದು ಬಿರುದು ಧರಿಸಿದ. ಅವನನ್ನು ಬೆನ್ನಟ್ಟಿ ಆರ್ಥರ್ ವೆಲ್ಲೆಸ್ಲಿ 1800ರ ಜೂನ್‌ನಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರನ್ನು ಹಿಡಿದ. ಜುಲೈ ಕೊನೆಯಲ್ಲಿ ಮಲಪ್ರಭೆಯ ದಡದ ಮನೋಳಿಯ ಬಳಿ ಧೋಂಡಿಯನ ಪಾಳೆಯದ ಮೇಲೆ ಎರಗಿದಾಗ ಸಾವಿರಾರು ಜನ ಹೊಳೆಯಲ್ಲಿ ಮುಳುಗಿದರು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯ ಹತನಾದ. ಈ ದಂಡಯಾತ್ರೆಯ ಪತ್ರಗಳಲ್ಲಿ ಕೈವಶವಾದ ವಸ್ತುಗಳ ಲೆಕ್ಕ ಬರುವಾಗ ಆನೆಗಳ ಜೊತೆಗೆ ಒಂಟೆಗಳೂ ಬರುತ್ತವೆ.

ಬಂದದ್ದು ಲೆಕ್ಕದಲ್ಲಿ ಮಾತ್ರ ಎಂಬುದನ್ನು ಗಮನಿಸಬೇಕು. ದಿಬ್ಬದ ಪಟ್ಟಿಕೆಯಲ್ಲಿ ಒಂಟೆ ಮೆರವಣಿಗೆಯ ಒಂದು ಅಂಕಿ. ವಿಜೇತನ ಪತ್ರದಲ್ಲಿ ಲೂಟಿಯ ಒಂದು ಅಂಕಿ. ಆನೆಗಿರುವಂತೆ ಅದಕ್ಕೆ ಹೆಸರಿಲ್ಲ, ಕುದುರೆಗಿರುವಂತೆ ವರ್ಣನೆಯಿಲ್ಲ. ಕನ್ನಡದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು 'ಗೋವೈದ್ಯ'ವನ್ನು ಬರೆದ. ಅಭಿನವಚಂದ್ರ ಅಶ್ವವೈದ್ಯವನ್ನು ಬರೆದ. ಇಬ್ಬರೂ ಜೈನರು. ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಗಜಾಶ್ವಗಳಿಗೆ ವಿಸ್ತಾರವಾದ ಭಾಗಗಳನ್ನು ಮೀಸಲಿಟ್ಟಿತು. ಒಂಟೆಯ ಆರೈಕೆಗೆ ಹೀಗೆ ಹೆಸರಾದ ಕೃತಿ ಈ ನಾಡಿನಲ್ಲಿ ಹುಟ್ಟಲಿಲ್ಲ. ಇಲ್ಲಿ ಅದನ್ನು ಸಾಕಿ ಮರಿಮಾಡಿಸುವ ಸಮುದಾಯವೇ ಬೆಳೆಯದಿದ್ದಾಗ ಶಾಸ್ತ್ರ ಹುಟ್ಟುವುದೆಲ್ಲಿ? ಉತ್ತರದಲ್ಲಿ ರಾಯ್ಕಾ, ರೇಬಾರಿಗಳಿದ್ದಂತೆ ಇಲ್ಲಿ ಯಾರೂ ಇರಲಿಲ್ಲ. ಅರಸರು ಕೊಂಡು ತರಿಸಿದ ಒಂಟೆ ಅರಸೊತ್ತಿಗೆಯೊಡನೆಯೇ ಮುಗಿಯಿತು.

ಬೆಳೆಯದಿರಲು ಕಾರಣ ನೆಲ ಮತ್ತು ಮಳೆ. ಒಂಟೆಯ ಅಗಲವಾದ ಮೆತ್ತನೆಯ ಪಾದ ಮರಳಿಗೆ ಹೇಳಿಮಾಡಿಸಿದ್ದು. ಮಳೆಗಾಲದ ಎರೆಮಣ್ಣಿನಲ್ಲಿ ಅದು ಜಾರಿ, ಕಾಲುಗಳು ಇಬ್ಬದಿಗೆ ಸೀಳಿ ಬೀಳುತ್ತದೆ. ತೇವದ ನಾಡಿನಲ್ಲಿ ಕಚ್ಚುನೊಣಗಳು ಹರಡುವ ಸರ್ರಾ ರೋಗ ಇನ್ನೊಂದು ಶತ್ರು. ಅದರ ರೋಗಾಣುವನ್ನು ಗ್ರಿಫಿತ್ ಎವಾನ್ಸ್ 1880ರಲ್ಲಿ ಗುರುತಿಸಿದ್ದು ಪಂಜಾಬಿನ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ. ನೀರಿಲ್ಲದೆ ದಿನಗಟ್ಟಲೆ ನಡೆದು, ಸಿಕ್ಕಾಗ ಹತ್ತು ಹದಿನೈದು ನಿಮಿಷಗಳಲ್ಲಿ ನೂರು ಲೀಟರಿನಷ್ಟು ಕುಡಿಯಬಲ್ಲ ಶಕ್ತಿ, ಕೆರೆಗಳ ನಾಡಿನಲ್ಲಿ ಯಾರಿಗೆ ಬೇಕಿತ್ತು? ಇಲ್ಲಿ ಆ ಸ್ಥಾನವನ್ನು ಎತ್ತು ತುಂಬಿತ್ತು. ಅಮೃತಮಹಲ್ ಎತ್ತುಗಳ ಬಲದಿಂದ ಹೈದರನು ಚಿದಂಬರದ ರಕ್ಷಣೆಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದನೆಂದು ಪ್ರಸಿದ್ಧಿ. ವೆಲ್ಲೆಸ್ಲಿಯ ಸೈನ್ಯಕ್ಕೆ ಧಾನ್ಯ ಮುಟ್ಟಿಸಿದವು ಲಂಬಾಣಿಗರ ಹೇರೆತ್ತುಗಳು. ಸಂತ ಸೇವಾಲಾಲರ ಜನ್ಮಸ್ಥಳವೆಂದು ಲಂಬಾಣಿಗರು ಪೂಜಿಸುವ ಸೂರಗೊಂಡನಕೊಪ್ಪ ಇಂದು ದಾವಣಗೆರೆ ಜಿಲ್ಲೆಯಲ್ಲೇ ಇದೆ. ಮಧ್ಯ ಕರ್ನಾಟಕದ ಸರಕು ಸಾಗಿದ ದಾರಿಗಳ ಚರಿತ್ರೆಯನ್ನು ಬರೆಯುವವರು ತಾಂಡಾಗಳಿಂದಲೇ ಆರಂಭಿಸಬೇಕಾಗುತ್ತದೆ.

ನೆಲದ ಈ ವ್ಯತ್ಯಾಸ ಧರ್ಮಗ್ರಂಥಗಳಲ್ಲೂ ಕಾಣುತ್ತದೆ. ಇಪ್ಪತ್ನಾಲ್ಕು ತೀರ್ಥಂಕರರ ಲಾಂಛನಗಳಲ್ಲಿ ಎತ್ತು, ಆನೆ, ಕುದುರೆ, ಕೋತಿ, ಖಡ್ಗಮೃಗ, ಕೋಣ, ಹಂದಿ, ಜಿಂಕೆಗಳಿದ್ದರೂ ಒಂಟೆಯಿಲ್ಲ. ಆದರೆ ಪಶ್ಚಿಮ ಭಾರತದಲ್ಲಿ ಬೆಳೆದ ಶ್ವೇತಾಂಬರ ಆವಶ್ಯಕ ಪರಂಪರೆಯ ಗ್ರಂಥಗಳು ವರ್ಜಿಸಬೇಕಾದ ವಿಕೃತಿಗಳನ್ನು ಎಣಿಸುವಾಗ ಹಾಲನ್ನು ಐದು ಬಗೆಯೆನ್ನುತ್ತವೆ: ಹಸು, ಎಮ್ಮೆ, ಒಂಟೆ, ಆಡು, ಕುರಿ. ಮೊಸರು, ಬೆಣ್ಣೆ, ತುಪ್ಪಗಳಿಗೆ ಬಂದಾಗ ಮಾತ್ರ ನಾಲ್ಕೇ ಬಗೆ. ಒಂಟೆಯ ಹಾಲಿನಿಂದ ಅವು ಆಗುವುದಿಲ್ಲ ಎಂಬುದು ಅವುಗಳ ವಿವರಣೆ. ದಿಗಂಬರರ 'ಮೂಲಾಚಾರ' ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂದಷ್ಟೇ ಹೇಳುತ್ತದೆ. ಇಲ್ಲಿ ಪಂಥಭೇದಕ್ಕಿಂತ ಹೆಚ್ಚಾಗಿ ಗ್ರಂಥಕಾರರ ಸುತ್ತಲಿದ್ದ ಕೊಟ್ಟಿಗೆಯ ಭೇದವನ್ನು ಕಾಣುವುದು ಸೂಕ್ತ. ಆ ಮುನಿಗಳ ಅವಲೋಕನ ನಿಖರವಾದುದು. ಒಂಟೆಹಾಲಿನಲ್ಲಿ ಹೆಪ್ಪು ಗಟ್ಟಿಯಾಗಲು ಬೇಕಾದ ಕಪ್ಪಾ-ಕೇಸೀನ್ ಎಂಬ ಪ್ರೋಟೀನು ಬಹಳ ಕಡಿಮೆ ಎಂದು ಇಂದಿನ ಡೇರಿ ವಿಜ್ಞಾನ ಹೇಳುತ್ತದೆ.

ರಾಜಸ್ಥಾನ ಸರ್ಕಾರ 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿಯೆಂದು ಘೋಷಿಸಿ, 2015ರಲ್ಲಿ ಅದರ ವಧೆಯನ್ನು ನಿಷೇಧಿಸುವ ಮತ್ತು ಹೊರರಾಜ್ಯಕ್ಕೆ ಸಾಗಣೆಯನ್ನು ನಿಯಂತ್ರಿಸುವ ಕಾಯ್ದೆ ತಂದಿತು. ಅಹಿಂಸೆಯ ದೃಷ್ಟಿಯಿಂದ ಸ್ವಾಗತಾರ್ಹವಾದ ಈ ಕ್ರಮದ ಇನ್ನೊಂದು ಮುಖವನ್ನು ಸಾಕುವವರೇ ಹೇಳುತ್ತಿದ್ದಾರೆ. ಗಂಡುಮರಿಗಳನ್ನು ಕೊಳ್ಳುವವರಿಲ್ಲದೆ ಬೆಲೆ ಕುಸಿಯಿತು, ಗೋಮಾಳಗಳೂ ಕುಗ್ಗಿದವು, ಹಿಂಡು ಇಟ್ಟುಕೊಳ್ಳುವುದೇ ಹೊರೆಯಾಯಿತು. ಇಳಿಕೆ ಕಾಯ್ದೆಗಿಂತ ಮೊದಲೇ ಆರಂಭವಾಗಿತ್ತು, ನಿಜ. ಆದರೆ ಕಾಯ್ದೆ ಅದನ್ನು ತಡೆಯಲಿಲ್ಲ. 2012ರಲ್ಲಿ ದೇಶದಲ್ಲಿ ನಾಲ್ಕು ಲಕ್ಷದಷ್ಟಿದ್ದ ಒಂಟೆಗಳು 2019ರ ಜಾನುವಾರು ಗಣತಿಯಲ್ಲಿ ಎರಡೂವರೆ ಲಕ್ಷಕ್ಕೆ ಇಳಿದಿದ್ದವು. ಕೊಲ್ಲದಿರುವುದು ಮತ್ತು ಉಳಿಸುವುದು ಒಂದೇ ಅಲ್ಲ ಎಂಬುದನ್ನು ಪಿಂಜರಾಪೋಲುಗಳನ್ನು ನಡೆಸಿದ ಸಮುದಾಯ ಚೆನ್ನಾಗಿ ಬಲ್ಲದು.

ಈಗ ಸಾಕುವವರ ಆಸೆ ನಿಂತಿರುವುದು ಹಾಲಿನ ಮೇಲೆ. 2016ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಒಂಟೆಹಾಲಿಗೆ ಮಾನದಂಡ ಗೊತ್ತುಪಡಿಸಿತು. ಪುಡಿಯ ರೂಪದಲ್ಲಿ ಆ ಹಾಲು ದೂರದ ನಗರಗಳ ಅಂಗಡಿಗಳಿಗೂ ತಲುಪುತ್ತಿದೆ. ಅದನ್ನು ಕದಡಿ ರಾತ್ರಿ ಹೆಪ್ಪು ಹಾಕಿದವರು ಬೆಳಗ್ಗೆ ಮುಚ್ಚಳ ತೆರೆದಾಗ ಕಾಣುವುದು ಮಾತ್ರ ಆ ಹಳೆಯ ಗ್ರಂಥಗಳು ಹೇಳಿದ್ದನ್ನೇ.